ದಡದಲ್ಲಿ ಕೂತು ಈಜು ಕಲಿಸಿದ್ದು

ಬೆಳಿಗ್ಗೆ ಒದ್ದೆ ಟವೆಲ್ಲನ್ನು ಹಗ್ಗಕ್ಕೆ ಹಾಕುವಾಗ ಕ್ಲೋರಿನ್ ವಾಸನೆ ಮೂಗಿಗೆ ಬಡಿಯಿತು. ಈ ವಾಸನೆ ಬಂದಾಗಲೆಲ್ಲ ನನಗೆ ಅಜ್ಜಂಪುರದ ಪರಮೇಶಣ್ಣ ನೆನಪಾಗುತ್ತಾರೆ, ಜೊತೆಗೆ ಸ್ವಲ್ಪ ನಾಚಿಕೆಯೂ ಆಗುತ್ತದೆ. ಯಾಕೆಂದು ಹೇಳುತ್ತೇನೆ, ನಗಬೇಡಿ. ನಕ್ಕರೂ ಮೆಲ್ಲಗೆ ನಗಿ.

ನಾನು ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವನು. ಕಡೂರು, ಅಜ್ಜಂಪುರ, ತರೀಕೆರೆ ಎಂದು ಓಡಾಡುತ್ತ, 'ಮುಂದಕ್ಕೆ ಹೋಗ್ರೀ, ಒಳಗೆ ಜಾಗ ಐತೆ' ಎಂದು ಕೂಗುತ್ತಲೇ ನಿವೃತ್ತನಾದೆ. ಬಸ್ಸು ಬಿಟ್ಟರೂ ಆ ಬಾಯಿ ನನ್ನನ್ನು ಬಿಡಲಿಲ್ಲ. ತರೀಕೆರೆಯ ಈಜುಕೊಳಕ್ಕೆ ಸೇರಿದ ಮೇಲೆ ಅದಕ್ಕೆ ಹೊಸ ಕೆಲಸ ಸಿಕ್ಕಿತು. ಚಿಕ್ಕಂದಿನಲ್ಲಿ ಚೌಳಹಿರಿಯೂರಿನ ಬಾವಿಯಲ್ಲಿ ಈಜಿದ್ದೇ ನನ್ನ ಅರ್ಹತೆ. ಸೊಂಟದಷ್ಟು ನೀರಲ್ಲಿ ಎರಡು ಸುತ್ತು ಹಾಕಿ, ಕಿವಿನೋವಿನ ನೆಪ ಹೇಳಿ ಮೇಲೆ ಬಂದು, ಅಂಗಿ ತೊಟ್ಟು ದಡದಲ್ಲಿ ಕೂತುಬಿಡುತ್ತಿದ್ದೆ. ಆಮೇಲೆ ಶುರು. ಒಬ್ಬ ಡಾಕ್ಟರಿಗೆ ಉಸಿರಾಡುವುದನ್ನು ಹೇಳಿಕೊಟ್ಟೆ. ಒಬ್ಬ ಹೆಣ್ಣುಮಗಳಿಗೆ ಮೊಣಕೈ ಮಡಚಬೇಡವೆಂದೆ. ಆಕೆ 'ಹೂಂ ಅಂಕಲ್' ಎಂದು ಮುಳುಗಿದವಳು ಆ ತುದಿಯಲ್ಲೇ ಎದ್ದಳು. ಜಿಲ್ಲೆಯ ಈಜಿನ ಪಂದ್ಯ ಗೆದ್ದವಳೆಂದು ನನಗೆ ತಿಳಿದದ್ದು ಆಮೇಲೆ.

ನನ್ನ ಮಾತನ್ನು ಪೂರ್ತಿ ನಂಬಿದವರು ಪರಮೇಶಣ್ಣ ಒಬ್ಬರೇ. ಅಜ್ಜಂಪುರದಲ್ಲಿ ಬಟ್ಟೆ ಅಂಗಡಿ. ಕುಳ್ಳಗೆ, ಭಾರೀ ಶರೀರ, ಮಂಡಿನೋವು. ಈಜಿದರೆ ಒಳ್ಳೆಯದೆಂದು ಡಾಕ್ಟರು ಹೇಳಿದ್ದರಿಂದ ಸ್ಕೂಟರಿನಲ್ಲಿ ಅಷ್ಟು ದೂರ ಬರುತ್ತಿದ್ದರು. ತಿಂಗಳಾದರೂ ಅಂಚಿನ ಕಂಬಿ ಬಿಟ್ಟವರಲ್ಲ.

'ಕೈ ಬಿಡ್ರೀ ಪರಮೇಶಣ್ಣ, ನೀರೇ ಎತ್ತಿ ಹಿಡೀತದೆ' ಎಂದೆ ಒಂದು ದಿನ.

'ನಿಜವಾ?'

'ನಾನಿಲ್ವೇನ್ರೀ!'

ಬಿಟ್ಟೇಬಿಟ್ಟರು. ನಾಲ್ಕು ಮಾರು ಹೋದರು. ನನಗೋ ಹೆಮ್ಮೆ. ಐದನೆಯ ಮಾರಿಗೆ ತಲೆ ಕಾಣಲಿಲ್ಲ. 'ಕಾಲು ಬಡೀರಿ! ಕತ್ತೆತ್ರೀ! ಉಸಿರು ಹಿಡೀರಿ!' ಎಂದು ಕೂಗಿದೆ. ಒಂದು ಕೈ ಮೇಲೆ ಬಂತು. ಬೆರಳುಗಳು ಏನನ್ನೋ ಹುಡುಕಿ, ಸಿಗದೆ, ಒಳಗೆ ಹೋದವು. ಅದನ್ನು ನೋಡಿ ನನ್ನ ಬಾಯಿ ಕಟ್ಟಿತು. ಅಂಗಿ, ಕನ್ನಡಕ, ವಾಚಿನ ಸಮೇತ ಧುಮುಕಿದೆ. ಅವರು ನನ್ನ ಕಾಲರ್ ಹಿಡಿದರು. ಇಬ್ಬರೂ ಮುಳುಗಿದೆವು. ಹೆಂಡತಿಗೆ ಹೇಳಿ ಬರಲಿಲ್ಲವಲ್ಲ ಎನ್ನಿಸುವಷ್ಟರಲ್ಲಿ ಕಾಲಿಗೆ ನೆಲ ಸಿಕ್ಕಿತು. ನಿಂತೆ. ನೀರು ನನ್ನ ಎದೆಮಟ್ಟಕ್ಕಿತ್ತು! ಅವರನ್ನೂ ಎತ್ತಿ ನಿಲ್ಲಿಸಿದೆ, ಅವರಿಗೆ ಕತ್ತಿನವರೆಗೆ. ತಬ್ಬಿಕೊಂಡು ಕೆಮ್ಮುತ್ತ ನಿಂತ ನಮ್ಮನ್ನು ಇಡೀ ಕೊಳವೇ ಈಜು ನಿಲ್ಲಿಸಿ ನೋಡುತ್ತಿತ್ತು.

ಗೇಟಿನ ಹೊರಗೆ ಒದ್ದೆ ಅಂಗಿಯಲ್ಲೇ ನಿಂತು ಇಬ್ಬರಿಗೂ ಟೀ ಹೇಳಿದೆ. 'ತಪ್ಪಾಯ್ತು ಕಣ್ರೀ' ಎಂದೆ.

'ಬಿಡಿ ಅತ್ಲಾಗೆ' ಎಂದರು ಪರಮೇಶಣ್ಣ. 'ನೀವು ಏನೇನೋ ಕೂಗ್ತಿದ್ರಂತೆ? ನಂಗೊಂದೂ ಕೇಳಿಸ್ಲಿಲ್ಲ. ನೀರೊಳಗೆ ಯಾರ ಮಾತೂ ಕೇಳ್ಸಲ್ಲ ಕಣ್ರೀ. ನೀವು ಬಿದ್ದಿದ್ದು ಮಾತ್ರ ಗೊತ್ತಾಯ್ತು.' ಲೋಟ ಕೆಳಗಿಟ್ಟು, 'ನಾಳೆಯಿಂದ ನೀವೂ ನೀರಲ್ಲೇ ಇರಿ. ನಂಗೂ ಧೈರ್ಯ' ಎಂದರು.

ಅಂದಿನಿಂದ ಇದ್ದೇನೆ. ಅವರೀಗ ಕೊಳದ ಅಗಲಕ್ಕೂ ಎಲ್ಲೂ ನಿಲ್ಲದೆ ಈಜುತ್ತಾರೆ. ನಾನು ಏದುಸಿರು ಬಿಡುತ್ತ ಹಿಂದೆ.

ಇವತ್ತು ಅಮೃತಾಪುರದಿಂದ ಹೊಸಬರೊಬ್ಬರು ಬಂದಿದ್ದರು. ಕಾಲನ್ನು ಸೈಕಲ್ ತುಳಿದ ಹಾಗೆ ತುಳಿಯುತ್ತಿದ್ದರು. ನನ್ನ ನಾಲಿಗೆ ತುರಿಸಿತು. ಸುಮ್ಮನೆ ಹೋಗಿ ಪಕ್ಕದಲ್ಲಿ ನಿಂತೆ. ಅವರೇ ತಿರುಗಿ, 'ಸಾರ್, ನಾನು ಮಾಡ್ತಿರೋದು ಸರೀನಾ?' ಎಂದರು.

ಇಷ್ಟು ವರ್ಷಗಳಲ್ಲಿ ಯಾರಾದರೂ ತಾವಾಗಿ ನನ್ನನ್ನು ಕೇಳಿದ್ದು ಇದೇ ಮೊದಲು.

'ಬನ್ನಿ' ಎಂದೆ, 'ಆಚೆ ದಡದಗಂಟ ಜೊತೇಲೇ ಹೋಗಿ ಬರಣ.'