ಆಯಿ ಕೇಳಿದ ನಳದ ಡಬ್ಬಿ

ಆಯಿಯ ಉಗುರಿನ ಸಂದಿಯಲ್ಲಿ ಸದಾ ಕರಿ ಮಣ್ಣು. ಬಿಸಿಲಿಗೆ ಕೈ ಚಾಚಿದರೆ ಆ ಮಣ್ಣಿನೊಳಗೆ ಎಲ್ಲೋ ಒಂದು ಕಣ ಮಿನುಗುತ್ತಿತ್ತು. ಉಗುರು ತೆಗೆಯುವಾಗಲೂ ತಟ್ಟೆಯ ಮೇಲೆಯೇ ತೆಗೆದು, ಕತ್ತರಿಸಿದ್ದನ್ನು ತೊಳೆಯಲಿಟ್ಟ ಮಣ್ಣಿನ ಬೋಗುಣಿಗೆ ಸುರಿಯುತ್ತಿದ್ದಳು. "ನನ್ನ ಉಗುರಿಗೂ ಕಿಮ್ಮತ್ತದ ನೋಡ್ರಿ ಮಾಸ್ತರ. ನಿಮ್ಮ ಉಗುರಿನಾಗ ಏನದ? ಬರೀ ಚಾಕ್‌ಪೀಸಿನ ಪುಡಿ!"

ಮೈಲೂರಿನಲ್ಲಿ ನಮ್ಮ ಅಡುಗೆಮನೆಯ ಕಿಟಕಿಗೆ ಎದುರಾಗಿ, ಒಂದು ಮೊಳದ ಸಂದಿಯಾಚೆ, ಅವಳ ಕಿಟಕಿ. ಓಣಿಗೆಲ್ಲ ಅವಳು ಆಯಿ; ಎಕಂಬಾ ಊರಿನಿಂದ ಮದುವೆಯಾಗಿ ಬಂದವಳು. ಕೆಲಸ ಗಂಡ ಕಲಿಸಿದ್ದು. ಅವನು ತೀರಿಹೋದ ಮೇಲೆ ಒಬ್ಬಳೇ ಮುಂದುವರಿಸಿದಳು. ಬೆಳಗಾಗುತ್ತಲೇ ಅಕ್ಕಸಾಲಿಗರ ಓಣಿಗೆ ಹೋಗಿ, ಅಂಗಡಿಗಳ ಮುಂದಿನ ಧೂಳು, ಗಟಾರದ ಕೆಸರು ಬಳಿದು ತರುವುದು. ಮನೆಯಲ್ಲಿ ಅದನ್ನು ತೊಳೆದು ತೊಳೆದು, ಉಳಿದದ್ದಕ್ಕೆ ಪಾದರಸ, ಅವಳ ಮಾತಿನಲ್ಲಿ 'ಪಾರಾ', ಹಾಕಿ ಅಂಗೈಯಲ್ಲಿ ತಿಕ್ಕುವುದು. ಬಂಗಾರದ ಕಣಗಳು ಪಾದರಸಕ್ಕೆ ಅಂಟಿ ಬೆಳ್ಳನೆಯ ಗುಂಡಾಗುತ್ತವೆ. ಆ ಗುಂಡನ್ನು ಒಲೆಯ ಮೇಲೆ ಕಾಯಿಸಿದರೆ ಪಾದರಸ ಆವಿಯಾಗಿ ಹೋಗಿ, ಸಾಸಿವೆಯಷ್ಟು ಹಳದಿ ಉಳಿಯುತ್ತದೆ.

ಕಾಯಿಸುವ ಮೊದಲು ಆಯಿ ತಪ್ಪದೆ ಕಿಟಕಿ ಮುಚ್ಚುತ್ತಿದ್ದಳು. "ಗಾಳಿ ಬಿಟ್ರ ಬಂಗಾರ ಹಾರಿ ಹೋಗ್ತದ್ರಿ." ಅವಳ ಗಂಡನೂ, ಅವನ ಅಪ್ಪನೂ ಹಾಗೆಯೇ ನಂಬಿದ್ದರಂತೆ.

ನಾನು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವವನು. ಪಾದರಸದ ಆವಿ ವಿಷ ಎಂದು ವರ್ಷವರ್ಷವೂ ಹಲಗೆಯ ಮೇಲೆ ಬರೆದು ಕೆಳಗೆ ಎರಡು ಗೆರೆ ಎಳೆಯುತ್ತೇನೆ. ಚಿಂತೆ ನನ್ನ ಹುಟ್ಟುಗುಣ. ಗ್ಯಾಸ್ ಬಂದ್ ಮಾಡಿದೆನೋ ಇಲ್ಲವೋ ಎಂದು ಬಸ್ ಸ್ಟ್ಯಾಂಡಿನಿಂದ ತಿರುಗಿ ಬರುವ ಮನುಷ್ಯ. ಹಾಗಾಗಿ ಆಯಿ ಒಲೆ ಹೊತ್ತಿಸಿದಳೆಂದರೆ ನಾನು ಓಡಿಹೋಗಿ ಒಂದು ಕೆಲಸ ಮಾಡುತ್ತಿದ್ದೆ: ನಮ್ಮ ಕಿಟಕಿ ಮುಚ್ಚುತ್ತಿದ್ದೆ.

"ನಿಮ್ಮ ಚಿಂತಿ ಎಲ್ಲಾ ನಮ್ಮ ಕಿಟಕಿ ತನಕಾನ್ರಿ," ಎಂದಳು ಹೆಂಡತಿ ಒಮ್ಮೆ.

ಹೇಳಲಿಲ್ಲವೆಂದಲ್ಲ, ಹೇಳಿದೆ. "ಆಯಿ, ಆ ಹೊಗಿ ಒಳಗ ಹೋದ್ರ ನರ ಹಾಳಾಗ್ತಾವ್ರಿ."

"ಹೊಗಿನೇ ಕಾಣಲ್ಲಲ್ರಿ ಮಾಸ್ತರ! ವಾಸನಿನೂ ಇಲ್ಲ. ನಿಮ್ಮ ಸಾಲ್ಯಾಗಿನ ಪಾರಾ ಬ್ಯಾರೆ ಇರಬೇಕು."

ಆಗ ಒಂದು ಉಪಾಯ ಹೇಳಿದೆ. ಬಿಗಿ ಮುಚ್ಚಳದ ಕಬ್ಬಿಣದ ಡಬ್ಬಿ, ಅದಕ್ಕೊಂದು ಬಾಗಿದ ನಳ, ನಳದ ಹೊರತುದಿಗೆ ಸುತ್ತಿದ ಒದ್ದೆ ಬಟ್ಟೆ. ಅಂಗಳದಲ್ಲಿಟ್ಟು ಕಾಯಿಸಿದರೆ ಆವಿ ನಳದೊಳಗೆ ತಣಿದು ಪಾದರಸವೇ ಆಗಿ ಕೆಳಗಿಟ್ಟ ಬಟ್ಟಲಿನಲ್ಲಿ ಬೀಳುತ್ತದೆ. ಎದೆಗೂ ಹೋಗದು, ಗಾಳಿಗೂ ಹೋಗದು. ಚಿತ್ರ ಬರೆದು ಕೊಟ್ಟೆ. ಆಯಿ ಅದನ್ನು ಒಲೆಯ ಹಿಂದಿನ ಮೊಳೆಗೆ ಸಿಕ್ಕಿಸಿದಳು.

ಅದೇ ಮಳೆಗಾಲ ನನ್ನ ಮದುವೆಯ ಉಂಗುರ ಬಚ್ಚಲಿನಲ್ಲಿ ಜಾರಿಹೋಯಿತು. ಆಯಿ ನಮ್ಮ ಮೋರಿಯ ಕೆಸರನ್ನೆಲ್ಲ ಎತ್ತಿ, ಅರ್ಧ ದಿನ ತೊಳೆದು, ಉಂಗುರ ತಂದು ನನ್ನ ಅಂಗೈಯಲ್ಲಿಟ್ಟಳು. ಏನಾದರೂ ಕೊಡಲು ಹೋದರೆ ಸಿಟ್ಟಾದಳು. "ಬಜಾರದಾಗ ಬಿದ್ದಿದ್ದು ನಂದು. ಮನಿಯೊಳಗ ಬಿದ್ದಿದ್ದು ಮನಿಯವ್ರದು. ಇದು ನಮ್ಮ ಕೆಲಸದ ಕಾಯ್ದೆ." ಆಮೇಲೆ ನಕ್ಕಳು. "ಕೊಡೋದೇ ಇದ್ರ ಆ ನಳದ ಡಬ್ಬಿ ಮಾಡ್ಸಿ ಕೊಡ್ರಿ."

ಅದೇ ಚಿತ್ರವನ್ನು ಇನ್ನೊಂದು ಹಾಳೆಯಲ್ಲಿ ಬರೆದುಕೊಂಡು ವೆಲ್ಡಿಂಗ್ ಅಂಗಡಿಗೆ ಹೋದೆ. ಚಿತ್ರ ನೋಡಿದ ಅಂಗಡಿಯ ಹುಸೇನಿ ಭಾಯಿ ತಮಾಷೆಗೆ, "ಒಡದು ಗಿಡದು ಹೋದ್ರ ಹ್ಯಾಂಗ್ರಿ ಸರ್?" ಎಂದ. ಅಷ್ಟೇ ಸಾಕಾಯಿತು. ಡಬ್ಬಿ ಸಿಡಿದಂತೆ, ಪೊಲೀಸರು ಬಂದಂತೆ, ನನ್ನ ಪಿಂಚಣಿ ನಿಂತಂತೆ ದಾರಿಯುದ್ದಕ್ಕೂ ಕಂಡಿತು. ಮುಂದಿನ ವಾರ ಎಂದೆ. ಪರೀಕ್ಷೆ ಮುಗಿಯಲಿ ಎಂದೆ. ಆಯಿ ಕೇಳುವುದನ್ನು ಬಿಟ್ಟಳು.

ಈ ನಡುವೆ ಬಜಾರದಲ್ಲಿ ಕೈಕೆಲಸ ಕಡಿಮೆಯಾಯಿತು. ಸಿದ್ಧ ಒಡವೆಗಳು ಹೊರಗಿನಿಂದ ಬರತೊಡಗಿದವು. ಧೂಳಿನಲ್ಲಿ ಬಂಗಾರ ತೆಳುವಾಯಿತು. ಅದೇ ಸಾಸಿವೆಯಷ್ಟಕ್ಕೆ ಎರಡು ಪಟ್ಟು ಮಣ್ಣು, ಎರಡು ಪಟ್ಟು ಪಾದರಸ. ಅವಳ ಕಿಟಕಿ ಈಗ ದಿನಾ ಮುಚ್ಚುತ್ತಿತ್ತು. ನಮ್ಮದೂ.

ಮೊದಲು ಆಯಿಯ ಕೈಯಲ್ಲಿ ಚಹಾದ ಬಸಿ ನಡುಗಿತು. ಆಮೇಲೆ ಬೋಗುಣಿ. ಮಣ್ಣು ತೊಳೆಯುವ ಕೈ ಅಲುಗಿದರೆ ಕಣಗಳೆಲ್ಲ ನೀರಿನೊಂದಿಗೆ ಹೋಗುತ್ತವೆ. ಒಂದು ದಿನ ಅಂಗಳದಲ್ಲಿ ಕೂತು ತನ್ನ ಕೈಗಳನ್ನೇ ಬೈಯುತ್ತಿದ್ದಳು. "ಹಲ್ಕಟ್ ಕೈಗಳೇ, ಸುಮ್ಮ ಕೂಡ್ರಿ!"

ದವಾಖಾನೆಗೆ ನಾನೇ ಕರೆದುಕೊಂಡು ಹೋದೆ. ಏನು ಕೆಲಸ ಎಂದು ಡಾಕ್ಟರಮ್ಮ ಕೇಳಿದಾಗ ಪಾದರಸದ ವಿಷಯವನ್ನೆಲ್ಲ ಪಾಠದಂತೆ ವಿವರಿಸಿದೆ.

"ಇಷ್ಟೆಲ್ಲಾ ಗೊತ್ತಿದ್ದೂ ಯಾಕ ಸುಮ್ಮನಿದ್ರಿ?"

ಪರೀಕ್ಷೆ, ವೆಲ್ಡಿಂಗ್ ಅಂಗಡಿ ಎಂದು ಶುರುಮಾಡಿದೆ. ಆಯಿ ನಡುವೆ ಬಾಯಿ ಹಾಕಿ ನನ್ನನ್ನು ಕಾಪಾಡಿದಳು: "ಮಾಸ್ತರ ಹೇಳ್ಯಾರ್ರಿ. ನಾನೇ ಕೇಳಲಿಲ್ಲ."

ಆಮೇಲೆ ಒಂದು ವರ್ಷವೂ ಬಾಳಲಿಲ್ಲ. ವಯಸ್ಸಾಗಿತ್ತು ಎಂದರು ಓಣಿಯವರು. ನಾನೂ ಹೂಂ ಎಂದೆ. ಭಾಲ್ಕಿಯಿಂದ ಬಂದ ಆಯಿಯ ಮಗಳು ಮನೆ ಖಾಲಿ ಮಾಡುವಾಗ, ಒಲೆಯ ಹಿಂದೆ ಇತ್ತು ಎಂದು ಮಸಿ ಹಿಡಿದ ಚಿತ್ರವನ್ನು ನನಗೆ ಕೊಟ್ಟಳು.

ಅದನ್ನು ಹಿಡಿದುಕೊಂಡು ಮತ್ತೆ ಹುಸೇನಿ ಭಾಯಿಯ ಹತ್ತಿರ ಹೋದೆ. ಅವನು ಕೆಲಸ ಮಾಡುವಾಗ ಬೆರಳಿನ ಉಂಗುರ ತಿರುವುತ್ತ ಸ್ಟೂಲಿನ ಮೇಲೆ ಕೂತಿದ್ದೆ. ನಾನು ಎರಡು ಚಹಾ ಕುಡಿಯುವಷ್ಟರಲ್ಲಿ ನಳದ ಡಬ್ಬಿ ತಯಾರಾಯಿತು.

ಚೀಲದಲ್ಲಿಟ್ಟುಕೊಂಡು ಬಂದು, ಯಾಕೋ ಏನೋ, ಆಯಿಯ ಮನೆಯ ಮುಂದೆ ನಿಂತೆ. ಕಿಟಕಿ ತೆರೆದೇ ಇತ್ತು. ಒಳಗೆ ಗಾಳಿ ಚೆನ್ನಾಗಿ ಆಡುತ್ತಿತ್ತು.