ಖಾಲಿ ಎಂದ ಡಬ್ಬಿ

ಆ ಮಂಗಳವಾರ ಬೆಳಿಗ್ಗೆ ನನ್ನ ಗಂಡ ಎದುರು ಮನೆಯ ಬಾಗಿಲಲ್ಲಿ ನಿಂತು ಬಿಸ್ಕೀಟು ತಿನ್ನುತ್ತಿದ್ದರು. ನಾನು ನಮ್ಮ ಕಟ್ಟೆಯ ಮೇಲೆ, ಪೇಟೆಯಿಂದ ಕೂಲಿಗೆ ತಂದ ಮೆಣಸಿನಕಾಯಿ ರಾಶಿಯ ಮುಂದೆ ಕೂತು ತೊಟ್ಟು ಬಿಡಿಸುತ್ತಿದ್ದೆ. ನೋಡುತ್ತಿದ್ದೆ. ದಿನಾ ನೋಡುತ್ತಿದ್ದೆ.

ಎದುರು ಮನೆಯಾಕೆ ಜ್ಯೋತ್ಸ್ನಾ. ಹಾವೇರಿಯ ಮಗಳು, ಕಲಿತಾಕೆ, ಓಣಿಯವರಿಗೆಲ್ಲ ‘ಬಾಯಾರು’. ಗಂಡ ಬ್ಯಾಂಕಿನಲ್ಲಿದ್ದಾನೆ. ಬ್ಯಾಡಗಿಗೆ ಬಂದು ಮೂರು ವರ್ಷವಾಯಿತು. ಮನೆಯಲ್ಲೇ ಶೇಂಗಾ ಬಿಸ್ಕೀಟು ಮಾಡಿ ರಾಣೆಬೆನ್ನೂರಿನ ಎರಡು ಅಂಗಡಿಗೆ ಕಳಿಸುತ್ತಾಳೆ. ಅದಕ್ಕೆ ಭಟ್ಟಿ ಬೇಡ. ಹಾಲು, ಸಕ್ಕರೆ ಒಲೆಯ ಮೇಲೆ ಕುದಿಸಿ, ಶೇಂಗಾ, ಕಾರ್ನ್‌ಫ್ಲೇಕ್ಸ್ ಕಲಸಿ, ಚಮಚದಿಂದ ಕಾಗದದ ಮೇಲೆ ಬಿಡುತ್ತಾಳೆ. ಆರಿದರೆ ಬಿಸ್ಕೀಟು. ಓಣಿಯ ಹುಡುಗರು ಚಮಚಾ ಬಿಸ್ಕೀಟು ಅನ್ನುತ್ತಾರೆ. ಆ ಬಾಕ್ಸುಗಳನ್ನು ಒಯ್ಯುತ್ತಿದ್ದುದು ನಮ್ಮವರ ಟೆಂಪೋ.

ಮೆಣಸಿನಕಾಯಿ ಚೀಲವನ್ನು ಅವರು ಬೆನ್ನಿಗೆ ಹಾಕಿ ಧೊಪ್ಪನೆ ಒಗೆಯುತ್ತಿದ್ದರು. ಆಕೆಯ ಬಾಕ್ಸನ್ನು ಎರಡೂ ಕೈಯಲ್ಲಿ ಹಿಡಿದು, ಕೂಸನ್ನು ಮಲಗಿಸಿದ ಹಾಗೆ ಇಡುತ್ತಿದ್ದರು. ಆಕೆಯ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಕಾಲು ಒರೆಸುತ್ತಿದ್ದರು. ನಮ್ಮ ಮನೆಯಲ್ಲಿ ಅಡುಗೆಮನೆಯ ತನಕ ಚಪ್ಪಲಿ ಬರುತ್ತಿತ್ತು. ಆಮೇಲೆ ಒಂದು ಬಿಸ್ಕೀಟು ಬಾಯಿಗೆ ಹಾಕಿಕೊಂಡು, ಗಂಟಲು ಮುಟ್ಟಿ ತೋರಿಸುತ್ತ ಏನೇನೋ ಹೇಳುತ್ತಿದ್ದರು. ಎಷ್ಟು ನುಣ್ಣಗೆ ಇಳಿಯಿತು ಎಂದು ಹೊಗಳುತ್ತಿರಬೇಕು ಎಂದುಕೊಳ್ಳುತ್ತಿದ್ದೆ.

ಅವತ್ತು ದಾಟಿ ಬಂದವರೇ ಕೈ ಚಾಚಿದರು.

"ಉಂಡಿ ಡಬ್ಬಿ ಕೊಡು."

"ಆ ಬಾಯಾರ ಬಿಸ್ಕೀಟ ಇನ್ನೂ ಮೀಸಿಗೆ ಹತ್ತೇತಿ. ಮೊದಲ ಅದನ್ನ ಒರಸ್ಕೋರಿ."

ಅವರು ಮೀಸೆ ಒರೆಸಿಕೊಂಡು ನಕ್ಕರು. "ಹೊಟ್ಟಿ ಉರೀತೈತೇನ ಮುತ್ತೀ?"

"ಹೊಟ್ಟಿ ಯಾಕ ಉರೀತೈತಿ? ಕೈ ಉರಿಯಾಕತ್ತಾವ. ಅದನ್ನ ಕೇಳಾವರು ಯಾರಿಲ್ಲ."

"ಡಬ್ಬಿ ಕೊಡ ಮಾರಾಯ್ತಿ, ಹೊತ್ತಾತು."

"ಖಾಲಿ ಆಗ್ಯಾವ."

ಖಾಲಿಯಾಗಿರಲಿಲ್ಲ. ಹಿಂದಿನ ದಿನವೇ ಕಟ್ಟಿದ್ದೆ. ಹನ್ನೊಂದು ಶೇಂಗಾ ಉಂಡಿ ಇದ್ದವು. ಅವರು ನನ್ನ ಮುಖ ನೋಡಿದರು. ಆಮೇಲೆ ನಡುಮನೆಯ ಗೂಡಿನಲ್ಲಿದ್ದ ಡಬ್ಬಿ ನೋಡಿದರು. ತೆಗೆದು ನೋಡಬಹುದಿತ್ತು. ನೋಡಲಿಲ್ಲ. "ಆತು ಬಿಡು" ಎಂದು ಟೆಂಪೋ ಹತ್ತಿದರು.

ಹತ್ತೂವರೆಗೆ ಫೋನು ಬಂತು. ರಾಣೆಬೆನ್ನೂರಿನಲ್ಲಿ ಬಾಕ್ಸು ಇಳಿಸಿ ತಿರುಗಿ ಟೆಂಪೋ ಹತ್ತುವಾಗ ಎದೆ ಹಿಡಿದುಕೊಂಡು ಕೂತರಂತೆ. ನಾನು ಹೋಗಿ ಮುಟ್ಟುವಷ್ಟರಲ್ಲಿ ಮುಗಿದಿತ್ತು.

ಅವರ ಹೆಸರು ಹಾಲಸಿದ್ದಪ್ಪ. ಇದ್ದಾಗ ಒಮ್ಮೆಯೂ ಹೆಸರು ಹಿಡಿದು ಹೇಳಿದವಳಲ್ಲ. ಈಗ ಬರೆಯುತ್ತಿದ್ದೇನೆ. ಕಾಗಿನೆಲೆಯ ಹತ್ತಿರದ ಹಳ್ಳಿಯವರು. ಹದಿನಾರಕ್ಕೇ ಬ್ಯಾಡಗಿ ಪೇಟೆಗೆ ಬಂದು ಹಮಾಲಿ ಮಾಡಿದರು. ಟೆಂಪೋ ಕಲಿತದ್ದು ಮದುವೆಯ ನಂತರ. ಐವತ್ತೊಂದಕ್ಕೆ ಹೋದರು. ಕುಡಿಯಲಿಲ್ಲ, ಬಡಿಯಲಿಲ್ಲ. ಮಾತೂ ಆಡಲಿಲ್ಲ. ಊಟಕ್ಕೆ ಕೂತರೆ ಎರಡೇ ಮಾತು. ಹಾಕು. ಸಾಕು. ಇಪ್ಪತ್ತಾರು ವರ್ಷ ನನ್ನ ಕೈಯ ಅಡುಗೆ ಉಂಡರು. ಉಪ್ಪು ಹೆಚ್ಚಾದ ದಿನ ಬೈಯಲಿಲ್ಲ. ಚಲೋ ಆದ ದಿನ ಚಲೋ ಆಗಿದೆ ಅನ್ನಲಿಲ್ಲ. ಅಂಥ ಮನುಷ್ಯ ಎದುರು ಮನೆಯಲ್ಲಿ ನಿಂತು ಕೈ ತಿರುವಿ ತಿರುವಿ ಮಾತಾಡುತ್ತಿದ್ದರು.

ಕಡೆಯ ತುತ್ತು ಆಕೆಯ ಕೈಯದಾಯಿತು. ಹೆಣದ ಮುಂದೆ ಕೂತು ಅಳುವಾಗಲೂ ನನಗೆ ಅದೇ ನೆನಪು. ಕೆಟ್ಟಾಕೆ ಅನ್ನಿರಿ. ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ.

ದಿವಸದ ಕಾರ್ಯ ಹತ್ತಿರ ಬಂತು. ಸತ್ತವರಿಗೆ ಸೇರುತ್ತಿದ್ದ ತಿನಿಸನ್ನೆಲ್ಲ ಮಾಡಿ ಅವತ್ತು ಎಡೆ ಇಡಬೇಕು. ಸೇರಿದ್ದು ಒಂದು ತಪ್ಪಿದರೂ ಜೀವ ಹೊಸ್ತಿಲಲ್ಲೇ ನಿಲ್ಲುತ್ತದೆ ಎಂದು ನಮ್ಮ ಕಡೆ ನಂಬಿಕೆ. ಹಿಂದಿನ ದಿನ ನಮ್ಮವರ ತಂಗಿ ಕರಿಯವ್ವ ನನ್ನ ಮುಂದೆ ಕೂತಳು.

"ವೈನೀ, ಅಣ್ಣಗ ಏನೇನ ಸೇರತಿತ್ತು ಹೇಳು."

"ರೊಟ್ಟಿ, ಝುಣಕ, ಬದನಿಕಾಯಿ ಪಲ್ಯಾ. ಚಾ."

"ಮತ್ತ ಆ ಬಾಯಾರ ಬಿಸ್ಕೀಟ? ಪಂಚಮಿಗೆ ಬಂದಾಗ ನಾನ ನೋಡೇನಲ್ಲ. ಎದ್ದಾಂವ ಮಾರಿ ತೊಳದು ಅಲ್ಲೇ ಹೋಗಿ ನಿಂತಿದ್ದ. ನಾಕ ತರಸೂಣು."

ಅಂದರೆ ಎಲ್ಲರೂ ನೋಡಿದ್ದರು.

"ಆಕಿ ಕೈದು ನನ್ನ ಗಂಡನ ಎಡಿಗೆ ಬ್ಯಾಡ. ನಾ ಮಾಡ್ತೇನಿ."

"ನಿನಗ ಬರತೈತೇನ?"

"ಶೇಂಗಾ ಐತಿ, ಸಕ್ಕರಿ ಐತಿ. ಬರಲಾರದ್ದು ಏನೈತಿ ಅದರಾಗ?"

ಅಂಗಡಿಯಿಂದ ಕಾರ್ನ್‌ಫ್ಲೇಕ್ಸ್ ತರಿಸಿದೆ. ಶೇಂಗಾ ಹುರಿದು, ಸಿಪ್ಪೆ ತಿಕ್ಕಿ, ಎಣ್ಣೆ ಬಿಡುವ ತನಕ ಮಿಕ್ಸಿಯಲ್ಲಿ ರುಬ್ಬಿದೆ. ಹಾಲು, ಬೆಣ್ಣೆ, ಸಕ್ಕರೆ ಒಲೆಗಿಟ್ಟೆ. ನನಗೆ ಗೊತ್ತಿದ್ದದ್ದು ಉಂಡಿಯ ಆಣ. ಆಣ ಎಂದರೆ ಪಾಕ. ತಟ್ಟೆಯ ನೀರಿಗೆ ಒಂದು ಹನಿ ಬಿಟ್ಟರೆ ಅದು ಗಟ್ಟಿ ಗುಂಡಾಗಬೇಕು. ಹಾಗೇ ಕಾಯಿಸಿದೆ. ಎಲ್ಲ ಸುರಿದು, ಉಂಡಿ ಕಟ್ಟಿದ ಹಾಗೆ ಅಂಗೈಯಲ್ಲಿ ಒತ್ತಿದೆ. ಕಾರ್ನ್‌ಫ್ಲೇಕ್ಸ್ ಹಿಟ್ಟಾಯಿತು. ಉಳಿದದ್ದು ಕಲ್ಲಾಯಿತು.

ಕರಿಯವ್ವ ಒಂದನ್ನು ಕಚ್ಚಿ ನೋಡಿದಳು. "ಇದನ್ನ ಇಟ್ರ ಎಡಿ ಜೋಡಿ ಅಣ್ಣಗ ಹಲ್ಲಿನ ಸೆಟ್ಟೂ ಇಡಬೇಕಾಕ್ಕೈತಿ ನೋಡು."

ನಾನೂ ನಕ್ಕೆ. ಅವರು ಹೋದ ಮೇಲೆ ಮೊದಲನೆಯ ಸಲ. ನಕ್ಕು ಅತ್ತೆ.

ದಿವಸದ ತನಕ ಹೊಸ್ತಿಲು ದಾಟಬಾರದು ಎಂದಿದ್ದರು. ದಾಟಿದೆ. ಎದುರು ಮನೆಗೆ ಎಂಟು ಹೆಜ್ಜೆ. ಜ್ಯೋತ್ಸ್ನಾ ಬಾಗಿಲು ತೆಗೆದಳು. ಕಣ್ಣು ಕೆಂಪಗಿತ್ತು. ಈಕೆ ಯಾಕೆ ಅತ್ತಳು ಎಂದು ಮೈಯೆಲ್ಲ ಉರಿಯಿತು.

"ಮುತ್ತವ್ವಾರ, ಒಳಗ ಬರ್ರಿ. ಕೂಡ್ರಿ."

"ಕುಂದ್ರಾಕ ಬಂದಿಲ್ರಿ. ಆ ಬಿಸ್ಕೀಟ ಹೆಂಗ ಮಾಡ್ತೀರಿ, ತೋರಸ್ರಿ."

ಆಕೆ ಒಲೆ ಹಚ್ಚಿದಳು. ಬೋಗುಣಿ ಇಟ್ಟಳು. ಹಾಲು, ಬೆಣ್ಣೆ, ಸಕ್ಕರೆ. ಕುದಿ ಬಂದ ಕೂಡಲೇ ಮಣಿಕಟ್ಟಿನ ಗಡಿಯಾರ ನೋಡಿದಳು.

"ಕುದಿ ಬಂದ ಮ್ಯಾಲೆ ಒಂದ ನಿಮಿಷ ಅಷ್ಟ ರೀ. ಹೆಚ್ಚಾದ್ರ ಕಲ್ಲಾಗ್ತದ. ಕಡಿಮಿ ಆದ್ರ ಹರೀತದ."

ಇಳಿಸಿ, ಶೇಂಗಾ ರುಬ್ಬಿದ್ದು ಹಾಕಿ ತಿರುವಿದಳು. ಕಾರ್ನ್‌ಫ್ಲೇಕ್ಸ್ ಹಾಕಿ ಮುರಿಯದ ಹಾಗೆ ಮಗುಚಿದಳು. ಚಮಚದಿಂದ ಒಂದೊಂದೇ ಕಾಗದದ ಮೇಲೆ ಬಿಟ್ಟಳು. ಎಲ್ಲಿಯೂ ಕೈ ತಾಗಲಿಲ್ಲ. ಆ ಕೈ ನೋಡಿದೆ. ಬೆಳ್ಳಗೆ, ನುಣ್ಣಗೆ, ಒಂದು ಸೀಳಿಲ್ಲ. ನಾನು ಸೀಸನ್ನಿನಲ್ಲಿ ಕೈಯನ್ನು ಕಣ್ಣಿನ ಹತ್ತಿರ ಒಯ್ಯುವ ಹಾಗಿಲ್ಲ. ಮಜ್ಜಿಗೆ ಹಚ್ಚಿದರೂ ಎಣ್ಣೆ ಹಚ್ಚಿದರೂ ಉರಿ ಹೋಗುವುದಿಲ್ಲ.

ಹತ್ತು ಬಿಸ್ಕೀಟು ಬಿಟ್ಟ ಮೇಲೆ ಬೋಗುಣಿಯಲ್ಲಿ ಸ್ವಲ್ಪ ಉಳಿಯಿತು. ಆಕೆ ಗೂಡಿನಿಂದ ಸಣ್ಣ ಡಬ್ಬಿ ತೆಗೆದು, ಅದಕ್ಕೆ ಒಂದು ಚಿಟಿಕೆ ಕೆಂಪು ಪುಡಿ ಹಾಕಿದಳು. ಮೆಣಸಿನಪುಡಿ.

"ಸಿಹಿಗೆ ಖಾರಾ ಯಾಕ್ರಿ?"

"ರೂಢಿ ಆಗ್ಯದರಿ. ಇದು ನಿಮ್ಮವರದ."

"ನಮ್ಮವರದು ಅಂದ್ರ?"

ಆಕೆ ಚಮಚ ಕೆಳಗಿಟ್ಟಳು. "ಮೊದಲ ಸಲಾ ತಿಂದಾಗ ಅಂದ್ರು, ಬಾಯಾರ, ಚಲೋ ಐತ್ರಿ, ಆದ್ರ ಸಪ್ಪಗ. ನಮ್ಮಾಕಿ ಉಂಡಿ ತಿಂದ್ರ ಇಲ್ಲಿ ಚುರ್ ಅಂತೈತಿ ಅಂತ ಗಂಟಲಾ ಮುಟ್ಟಿ ತೋರ್ಸಿದ್ರು. ನನಗೂ ಹಟಾ ಬಂತು. ದಿನಾ ಒಂದ ಬಿಸ್ಕೀಟಿಗೆ ಖಾರಾ ಹಾಕಿ ಕೊಡ್ತಿದ್ದೆ. ದಿನಾ ತಿಂದು, ಇನ್ನೂ ಬಂದಿಲ್ರಿ ಬಾಯಾರ, ಅಂತಿದ್ರು. ಬಣ್ಣ ಬರ್ತಿತ್ತು, ಆ ಚುರ್ ಅನ್ನೂದು ಬರ್ಲಿಲ್ಲ."

ನಾನು ಕೇಳಿದೆ. "ಅವತ್ತ?"

"ಅವತ್ತೂ ಅಷ್ಟ ರೀ. ಅರ್ಧಾ ತಿಂದ್ರು. ಇಲ್ರಿ, ಇದು ಆಕಿ ಕೈಲೇ ಆಗಬೇಕು ಅಂದ್ರು. ಉಂಡಿ ಡಬ್ಬಿ ಇಸ್ಕೊಂಡು ಹೋಗ್ತೇನಿ ಅಂತ ನಿಮ್ಮ ಮನಿ ಕಡೆ ಬಂದ್ರು." ಮತ್ತೆ ಚಮಚ ಎತ್ತಿಕೊಂಡು ಕೇಳಿದಳು. "ಮುತ್ತವ್ವಾರ, ನೀವು ಅದಕ್ಕ ಏನ ಹಾಕ್ತೀರಿ?"

"ಏನೂ ಹಾಕೂದಿಲ್ಲ."

ಖರೇ ಮಾತು. ಶೇಂಗಾ, ಬೆಲ್ಲ, ಏಲಕ್ಕಿ. ಮತ್ತೇನೂ ಇಲ್ಲ.

ಆಕೆ ಕಟ್ಟಿಕೊಟ್ಟ ಬಿಸ್ಕೀಟನ್ನು ಅಲ್ಲೇ ಬಿಟ್ಟು ಬಂದೆ. ನಮ್ಮ ಗೂಡಿನಿಂದ ಡಬ್ಬಿ ಇಳಿಸಿದೆ. ಹನ್ನೊಂದೂ ಹಾಗೇ ಇದ್ದವು. ಒಂದನ್ನು ಮುರಿದು ಬಾಯಿಗೆ ಹಾಕಿಕೊಂಡೆ. ಇಷ್ಟು ವರ್ಷ ನನಗೆ ಗೊತ್ತೇ ಆಗಿರಲಿಲ್ಲ. ಖಾರದಲ್ಲೇ ಬೆಳೆದ ನಾಲಿಗೆ ನನ್ನದು. ಈಗ ಸುಮ್ಮನೆ ಕೂತು ಕಾದೆ. ಸಿಹಿ ಇಳಿಯಿತು. ಅದರ ಹಿಂದೆ ಗಂಟಲಲ್ಲಿ ಚುರ್ ಅಂದಿತು.

ಅಂಗೈ ನೋಡಿಕೊಂಡೆ. ಜ್ಯೋತ್ಸ್ನಾ ಹಾಕುತ್ತಿದ್ದುದು ನಮ್ಮ ಬ್ಯಾಡಗಿ ಕಾಯಿಯ ಪುಡಿ. ಅದು ಬಣ್ಣಕ್ಕೆ ಹೆಸರಾದದ್ದು, ಖಾರ ಕಡಿಮೆ. ನಾನು ಬಿಡಿಸುವುದು ಪೇಟೆಗೆ ಬರುವ ಗುಂಟೂರು ಕಾಯಿ. ಅದರ ಖಾರ ಎಷ್ಟು ತೊಳೆದರೂ ಕೈ ಬಿಡುವುದಿಲ್ಲ. ಕಟ್ಟುವಾಗ ಆಣದ ಬಿಸಿಗೆ ಅದೂ ಉಂಡಿಯೊಳಗೆ ಇಳಿಯುತ್ತಿತ್ತು. ಇಪ್ಪತ್ತಾರು ವರ್ಷ ಅವರು ತಿಂದದ್ದು ಅದನ್ನೇ.

ಮರುದಿನ ಉಳಿದ ಹತ್ತೂ ಉಂಡಿಯನ್ನು ಎಡೆಗೆ ಇಟ್ಟೆ. ಕರಿಯವ್ವ, "ಬಿಸ್ಕೀಟ?" ಎಂದಳು. "ಅವರಿಗೆ ಸೇರತಿದ್ದಿಲ್ಲ" ಎಂದೆ.

ಹೊಟ್ಟೆಯುರಿ ಹೋಯಿತೇ ಎಂದು ಕೇಳಬೇಡಿರಿ. ಹೋಗಿಲ್ಲ. ಹೆಚ್ಚಾಗಿದೆ. ಆ ಮಾತು ನನ್ನದು. ನನ್ನ ಮುಂದೆ ಅನ್ನಬೇಕಾದದ್ದನ್ನು ಆಕೆಯ ಬಾಗಿಲಲ್ಲಿ ಅಂದು ಹೋದರು. ಮೂರು ವರ್ಷ ದಿನಾ ಆಕೆ ಅದನ್ನು ಕೇಳಿದಳು. ನಾನು ಒಂದೇ ಸಲ, ಅದೂ ಆಕೆಯ ಬಾಯಿಂದ. ಡಬ್ಬಿ ಖಾಲಿ ಎಂದದ್ದು ಮಾತ್ರ ಅವರು ನನ್ನ ಬಾಯಿಂದಲೇ ಕೇಳಿ ಹೋದರು.

ಜ್ಯೋತ್ಸ್ನಾ ಆಮೇಲೂ ಎರಡು ಸಲ ಕೇಳಿದಳು, ಏನು ಹಾಕುತ್ತೀರಿ ಎಂದು. ಹೇಳಿಲ್ಲ. ಹೇಳುವುದೂ ಇಲ್ಲ.

ಈಗಲೂ ಬೆಳಿಗ್ಗೆ ಎದ್ದು ಮೊದಲು ಆ ಡಬ್ಬಿ ತೊಳೆಯುತ್ತೇನೆ. ಒರೆಸಿ ಎರಡು ಉಂಡಿ ಹಾಕುತ್ತೇನೆ. ಒಬ್ಬಳೇ ಮನೆಯಲ್ಲಿ ಕೂತು ಕಾಯಿ ಬಿಡಿಸಲು ಆಗುವುದಿಲ್ಲ, ಪೇಟೆಗೇ ಹೋಗುತ್ತೇನೆ. ಡಬ್ಬಿ ಜೊತೆಗಿರುತ್ತದೆ. ಎದುರು ಮನೆಯ ಬಾಗಿಲು ದಾಟುವ ತನಕ ಅದನ್ನು ಸೆರಗಿನೊಳಗೆ ಹಿಡಿದಿರುತ್ತೇನೆ.