ಆಣೆ ಕೇಳದ ಟಂಟಂ

ರವಿವಾರ ಬೆಳಕು ಹರಿಯುವ ಹೊತ್ತಿಗೆ ಗುಡೂರಿನ ಬಸ್ ನಿಲ್ದಾಣದ ಎದುರು ಒಂದು ಟಂಟಂ, ಮೂರು ಗಾಲಿಯ ಬಾಡಿಗೆ ಗಾಡಿ, ನಿಂತಿರುತ್ತದೆ. ಉಳಿದ ದಿನಗಳಲ್ಲಿ ಅದರ ಚಾಲಕ ಮಲಕಪ್ಪ ‘ಇಳಕಲ್ಲ, ಇಳಕಲ್ಲ’ ಎಂದು ಗಂಟಲು ಹರಿಯುವಂತೆ ಕೂಗುತ್ತಾನೆ. ರವಿವಾರ ಮುಂಜಾನೆ ಮಾತ್ರ ಕೂಗುವುದಿಲ್ಲ. ಒರೆಸಿದ ಗಾಜನ್ನೇ ಮತ್ತೆ ಒರೆಸುತ್ತ ಕಾಯುತ್ತಾನೆ. ಅಂಗಡಿಗಳ ಬಾಗಿಲು ತೆರೆಯುವ ಮೊದಲೇ ಗಂಡಸರು ಒಬ್ಬೊಬ್ಬರಾಗಿ, ಟವೆಲ್ಲಿನಲ್ಲಿ ಅರ್ಧ ಮುಖ ಮುಚ್ಚಿಕೊಂಡು ಬಂದು ಹತ್ತುತ್ತಾರೆ. ಎಲ್ಲಿಗೆಂದು ಅವರು ಹೇಳುವುದಿಲ್ಲ, ಇವನು ಕೇಳುವುದಿಲ್ಲ. ಇಳಕಲ್ಲಿನ ಶಾಲೆಯೊಂದರ ಹಿಂದಿನ ಖೋಲಿಯಲ್ಲಿ ಕುಡಿತ ಬಿಡಲು ಹೊರಟವರು ವಾರಕ್ಕೊಮ್ಮೆ ಕೂಡುತ್ತಾರೆ. ಗಾಡಿ ಹೋಗುವುದು ಅಲ್ಲಿಗೆ. ಬಾಡಿಗೆ ಇಲ್ಲ.

ಈ ರವಿವಾರ ಎಲ್ಲರೂ ಹತ್ತಿ ಕುಳಿತರೂ ಗಾಡಿ ಕದಲುವುದಿಲ್ಲ. ನಿಂಗರಾಜ ಬಂದಿಲ್ಲ. ಇಬ್ಬರು ಮಕ್ಕಳ ತಂದೆ, ಕುರಿ ಸಾಕುವವನು, ಯುಗಾದಿಯಿಂದ ಒಂದು ವಾರವೂ ತಪ್ಪಿಸದವನು. ಮೊನ್ನೆ ಬೀಗರ ಮದುವೆಯಲ್ಲಿ ಕುಡಿದನಂತೆ. ಮಲಕಪ್ಪನನ್ನು ಕಾಡುತ್ತಿರುವುದು ಅದಲ್ಲ. ಮದುವೆಗೆ ಹೊರಡುವಾಗ ತಾಯಿ ತಾಯವ್ವ ಮಗನ ಕೈಯಲ್ಲಿ ಬೀರಪ್ಪನ ಭಂಡಾರ ಮುಟ್ಟಿಸಿ ಆಣೆ ಮಾಡಿಸಿದ್ದಳು.

ಭಂಡಾರವೆಂದರೆ ದೇವರ ಅರಿಸಿನದ ಪುಡಿ. ಬೀರಪ್ಪನ ಒಕ್ಕಲಿಗೆ ಅದಕ್ಕಿಂತ ದೊಡ್ಡ ಸಾಕ್ಷಿಯಿಲ್ಲ. ಕುಡಿಯುವವನಿದ್ದ ಮನೆಯವರು ಮೊದಲು ಮಾಡಿಸುವುದು ಈ ಆಣೆಯನ್ನೇ. ಉಳಿಸಿಕೊಂಡವನು ಗೆದ್ದ. ಮುರಿದವನಿಗೆ ಕುಡಿದ ತಪ್ಪಿಗಿಂತ ದೇವರಿಗೆ ತಪ್ಪಿದ ಭಯ ದೊಡ್ಡದಾಗುತ್ತದೆ. ಆ ಭಯ ಮರೆಯಲು ಅವನು ಮತ್ತೆ ಕುಡಿಯುತ್ತಾನೆ.

ಇದು ಮಲಕಪ್ಪನ ಮೈ ಬಲ್ಲ ಸತ್ಯ. ಕುಳಗೇರಿ ಕ್ರಾಸ್‌ನಲ್ಲಿ ಲಾರಿ ನಿಲ್ಲಿಸಿ ಕುಡಿದು ಕುಡಿದು ಲಾರಿಯ ಕೆಲಸ ಕಳೆದುಕೊಂಡವನು ಅವನು. ಭಂಡಾರ ಮುಟ್ಟಿದ, ತಪ್ಪಿದ. ಆಮೇಲೆ ಗುಡಿಯ ಮುಂದಿನ ದಾರಿ ಬಿಟ್ಟು ಹೊಲದ ಬದುವಿನ ಮೇಲೆ ಸುತ್ತು ಹಾಕಿ ಮನೆ ಸೇರುತ್ತಿದ್ದ. ಹಣೆಗೆ ಭಂಡಾರ ಹಚ್ಚಿಕೊಂಡು ಹೆಂಡತಿ ರೇಣವ್ವ ಎದುರು ಬಂದರೂ ಮುಖ ತಿರುಗಿಸುತ್ತಿದ್ದ. ಇಳಕಲ್ಲಿನ ಸಭೆಯ ಸುದ್ದಿ ಹೇಳಿದವನು ಗ್ಯಾರೇಜಿನ ಅಯೂಬ, ತಾನೂ ಕುಡಿತ ಬಿಟ್ಟವನು. ಒಳಗೆ ಮತ್ತೊಂದು ಆಣೆ ಕೇಳುತ್ತಾರೆಂದು ಹೆದರಿ ಮಲಕಪ್ಪ ಎಷ್ಟೋ ವಾರ ಆ ಖೋಲಿಯ ಬಾಗಿಲಿನಿಂದಲೇ ತಿರುಗಿ ಬಂದ. ಕೊನೆಗೊಮ್ಮೆ ಒಳಗೆ ಹೋದವನೇ ಆಣೆಗೆಂದು ಕೈ ಚಾಚಿದ. ಚಾಚಿದ ಕೈಯಲ್ಲಿ ಅಯೂಬ ಚಹಾದ ಲೋಟ ಇಟ್ಟ.

“‘ಇಲ್ಲಿ ಆಣಿ-ಭಾಷಿ ಏನಿಲ್ಲ ಮಲಕಪ್ಪಣ್ಣ. ಇವತ್ತೊಂದ ದಿನ ಕುಡೀಬ್ಯಾಡ. ನಾಳಿದ್ದು ನಾಳಿ ನೋಡೂಣು’ ಅಂದಾ. ನಾ ಅಲ್ಲೇ ಅತ್ತಬಿಟ್ಟೇನ್ರಿ” ಎನ್ನುತ್ತಾನೆ ಮಲಕಪ್ಪ.

ಆದರೆ ಊರಿಗೆ ಗೊತ್ತಿರುವ ಕತೆ ಬೇರೆ. ಮಲಕಪ್ಪ ಬಿಟ್ಟದ್ದು ಭಂಡಾರದ ಬಲದಿಂದ ಎಂದೇ ಎಲ್ಲರ ನಂಬಿಕೆ. ‘ಮಲಕಪ್ಪನಂಗ ಆಣಿ ಮಾಡು’ ಎಂದೇ ತಾಯವ್ವನೂ ಮಗನಿಗೆ ಹೇಳಿದ್ದು. ಮಲಕಪ್ಪ ಯಾರ ಮಾತನ್ನೂ ತಿದ್ದಿರಲಿಲ್ಲ.

ಟಂಟಂ ಇಳಕಲ್ಲಿನ ದಾರಿ ಬಿಟ್ಟು ಊರ ಹೊರಗಿನ ಕುರಿದೊಡ್ಡಿಯ ಕಡೆ ತಿರುಗುತ್ತದೆ. ತಡವಾದರೆ ಅಯೂಬ ಚಹಾ ಎಲ್ಲ ತಾನೇ ಕುಡಿದಾನೆಂದು ಹಿಂದೆ ಕುಳಿತ ಮುದಕಪ್ಪ ಗೊಣಗುತ್ತಾನೆ. ದೊಡ್ಡಿಯ ಬಾಗಿಲಲ್ಲಿ ತಾಯವ್ವ ಅಡ್ಡ ನಿಂತಿದ್ದಾಳೆ.

“ಅಂವನ್ನ ಯಾಕ ಕರಿಯಾಕ ಬಂದಿ? ದ್ಯಾವ್ರಿಗೇ ಎರಡು ಬಗದಾಂವ ನಿಮಗ ಖರೆ ಇರ್ತಾನೇನು?”

ಮಲಕಪ್ಪ ಅವಳ ಪಕ್ಕದಿಂದ ಒಳಗೆ ನುಸುಳುತ್ತಾನೆ. ಕಂಬಳಿ ಮುಸುಕಿಕೊಂಡು ಮಲಗಿದವನ ಪಕ್ಕ ಹೋಗಿ ಕೂಡುತ್ತಾನೆ. ಕುರಿಗಳು ಮೆಲುಕು ಹಾಕುವ ಸದ್ದು ಬಿಟ್ಟರೆ ಏನೂ ಇಲ್ಲ.

“ನೀ ಹೋಗು ಕಾಕಾ” ಎನ್ನುತ್ತಾನೆ ನಿಂಗರಾಜ. “ಭಂಡಾರ ಮುಟ್ಟಿ ತಪ್ಪೇನಿ. ನನ್ನ ನೆರಳು ಕುರಿ ಮ್ಯಾಲೂ ಬೀಳಬಾರ್ದು.”

ಮಲಕಪ್ಪ ತಾಯವ್ವನಿಗೂ ಕೇಳುವಂತೆ ಹೇಳುತ್ತಾನೆ: “ನಾನೂ ಮುಟ್ಟಿ ತಪ್ಪಿದಾಂವನ ಲೇ. ಕಂಬಳಿ ತಗದು ನನ್ನ ಹಣಿ ನೋಡು. ಇವತ್ತೂ ಭಂಡಾರ ಹಚ್ಕೊಂಡೇನಿ. ಸುಟ್ಟೈತೇನು?”

ತಾಯವ್ವ ಬಾಗಿಲ ಕಂಬ ಹಿಡಿದುಕೊಳ್ಳುತ್ತಾಳೆ. ಕಂಬಳಿ ಸರಿಯುತ್ತದೆ. ನಿಂಗರಾಜ ಆ ಹಳದಿ ಹಣೆಯನ್ನು ನೋಡಿ, ಎದ್ದು, ಮುಖಕ್ಕೆ ಟವೆಲ್ಲು ಸುತ್ತಿಕೊಳ್ಳುತ್ತಾನೆ. ಗಾಡಿ ಹೊರಡುವಾಗ ತಾಯವ್ವನೂ ಹತ್ತುತ್ತಾಳೆ. ಮುದಕಪ್ಪ ಸರಿದು ಜಾಗ ಕೊಡುತ್ತಾನೆ.

ಖೋಲಿಯಲ್ಲಿ ಆಡಿದ್ದು ಹೊರಗೆ ಬರಬಾರದೆಂಬುದು ಅಲ್ಲಿಯ ಕಟ್ಟಳೆ. ಅದು ಅಲ್ಲೇ ಇರಲಿ. ಹೊರಗೆ ಜಗುಲಿಯ ಮೇಲೆ ತಾಯವ್ವ ಸೆರಗಿನ ತುದಿ ಹಿಂಡುತ್ತ ಕುಳಿತಿರುತ್ತಾಳೆ. ಬಾಗಿಲು ತೆರೆದಾಗ ನಿಂಗರಾಜ ಎಲ್ಲರಿಗಿಂತ ಕೊನೆಗೆ ಬರುತ್ತಾನೆ. ಅವನ ಮುಖದ ಮೇಲೆ ಟವೆಲ್ಲಿಲ್ಲ.

“ಮೊನ್ನೆ ಕುಡದೇನಿ ಯವ್ವಾ. ಇವತ್ತ ಕುಡದಿಲ್ಲ.”

ನಾಳೆಯ ಪ್ರಶ್ನೆ ತಾಯವ್ವನ ಬಾಯಿ ತನಕ ಬರುತ್ತದೆ. ಅದನ್ನು ನುಂಗಿಕೊಂಡು ಅವಳು ಮಗನ ಬೆನ್ನ ಮೇಲೆ ಕೈ ಇಡುತ್ತಾಳೆ.

ತಿರುಗಿ ಬರುವಾಗ ಗಾಡಿಯ ತುಂಬ ಗದ್ದಲ. ನಿಂಗರಾಜನ ಪಾಲಿನ ಚಹಾವನ್ನೂ ಮುದಕಪ್ಪನೇ ಕುಡಿದನೆಂದು ತಮಾಷೆ ನಡೆದಿದೆ. ಮುಂದಿನ ವಾರ ಕುಳಗೇರಿ ಕ್ರಾಸ್‌ನ ಹೊಸಬನೊಬ್ಬನನ್ನು ಕರೆತರಬೇಕಿದೆ, ಯಾರು ಹೋಗುತ್ತೀರೆಂದು ಮಲಕಪ್ಪ ಕೇಳುತ್ತಾನೆ. ತಾನು ಹೋಗುತ್ತೇನೆ ಎನ್ನುತ್ತಾನೆ ನಿಂಗರಾಜ. ಯಾರೂ ನಗುವುದಿಲ್ಲ.

ಇಂಥ ಎಷ್ಟು ಮಂದಿಯನ್ನು ದಡ ಮುಟ್ಟಿಸಿದ್ದೀರಿ ಎಂದು ಕೇಳಿದರೆ ಮಲಕಪ್ಪನಿಗೆ ಮುಜುಗರವಾಗುತ್ತದೆ. ನೆಟ್ಟಗೆ ಕುಳಿತು, ರಸ್ತೆಯಿಂದ ಕಣ್ಣು ತೆಗೆಯದೆ ಹೇಳುತ್ತಾನೆ: “ನಂದೇನಿಲ್ರಿ, ನಾ ಗಾಡಿ ಹೊಡದೇನಿ ಅಷ್ಟ. ಇಳದು ಒಳಗ ನಡದಾಂವ ಅಂವ.”